ಮಾಲಾ, ನಾನು ಅಂದು ಇಲ್ಲವೆಂದೆ

ನಿನ್ನನ್ನು ಕಾಲೇಜು ಬಿಡಿಸಿದವಳು ನಾನೇ, ಮಾಲಾ. ಕಿರುಚಿಕೊಂಡ ಆ ಹುಡುಗಿಯನ್ನು ಬೈದುಕೊಂಡೆ, ಪ್ರಿನ್ಸಿಪಾಲರನ್ನು ಬೈದುಕೊಂಡೆ — ಇಷ್ಟು ವರ್ಷ ಹಾಗೆಯೇ ದಿನ ತಳ್ಳಿದೆ. ಆದರೆ ನಾನೊಂದು ಮಾತು ಆಡಿದ್ದರೆ ನೀನು ಉಳಿಯುತ್ತಿದ್ದೆ. ಆ ಮಾತು ನಿಜವೂ ಆಗಿತ್ತು. ಆಡಲಿಲ್ಲ.

ಹಾಜರಿ ಕೂಗುವಾಗ ನಿನ್ನ ಹೆಸರು ಮಾಳಪ್ಪ. ನಾಗಣಸೂರಿನ ಕುರಿ ಕಾಯುವವರ ಮನೆಯಿಂದ, ಹಣೆಗೆ ಬೀರೋಬಾ ದೇವರ ಭಂಡಾರದ ಅರಿಶಿನ ಹಚ್ಚಿಕೊಂಡು, ನಸುಕಿನ ಬಸ್ಸು ಹಿಡಿದು ಸೋಲಾಪುರಕ್ಕೆ ಬರುತ್ತಿದ್ದೆ. ನಾನು ಚಾದರ ವ್ಯಾಪಾರಿಯ ಮಗಳು. ಹುಡುಗಿಯರ ಪ್ರತಿನಿಧಿ ಬೇರೆ. ಲೇಡೀಸ್ ರೂಮಿನ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು. ತರಗತಿಯ ತುಂಬ ಮರಾಠಿ. ಮನೆಯಲ್ಲಿ ಆಡುವ ಕನ್ನಡವನ್ನು ಅಲ್ಲಿ ಆಡಲು ನನಗೆ ನಾಚಿಕೆ. ನಿನಗೆ ಅದೇನೂ ಇರಲಿಲ್ಲ — "ನಿರ್ಮಲಾ, ನಿನ್ನೆ ಸರ್ ಏನ್ ಹೇಳ್ಯಾರ?" ಎಂದು ವರಾಂಡದ ಆ ತುದಿಯಿಂದಲೇ ಕೂಗಿ ಕೇಳುತ್ತಿದ್ದೆ. ನಾನು ಸಿಟ್ಟು ಮಾಡಿಕೊಂಡು ಹತ್ತಿರ ಬರುತ್ತಿದ್ದೆ, ಹಾಗೆ ಬಂದವಳು ಮಾತಾಡುತ್ತ ನಿಂತೇ ಬಿಡುತ್ತಿದ್ದೆ.

ಒಂದು ಬಿಸಿಲಿನ ದಿನ ನೀನು ಮೆಟ್ಟಿಲ ಮೇಲೆ ಕುಸಿದು ಕೂತೆ. ತುಟಿಗಳು ಒಡೆದಿದ್ದವು. ನೀರು ತಂದು ಕೊಟ್ಟರೆ ಬೇಡವೆಂದೆ.

"ಕುಡದ್ರ ಹೋಗಬೇಕಾಗತೈತಿ," ಅಂದೆ ಮೆಲ್ಲಗೆ. "ಎಲ್ಲಿ ಹೋಗ್ಲಿ? ಗಂಡಸ್ರ ಕಡೆ ಹೋದ್ರ ಹುಡುಗ್ರು ಬಾಗಿಲಾ ಹಿಡದ್ ನಿಂದರ್ತಾರ, ಅಂಗಿ ಜಗ್ಗತಾರ. ನಿಮ್ಮ ಕಡೆ ಬರಾಕ ಆಗಂಗಿಲ್ಲ. ಮುಂಜಾನಿಂದ ಸಂಜಿತನಕ ನಾ ನೀರೇ ಮುಟ್ಟಂಗಿಲ್ಲ, ನಿರ್ಮಲಾ."

ನಾನು ಹೆಚ್ಚು ಯೋಚಿಸಲಿಲ್ಲ. ಮಧ್ಯಾಹ್ನ ಎಲ್ಲರೂ ಪಾಠಕ್ಕೆ ಹೋದ ಮೇಲೆ ಲೇಡೀಸ್ ರೂಮಿನ ಕೀಲಿ ತೆಗೆದು "ಬಾ" ಎಂದೆ. ಬಾಗಿಲಲ್ಲಿ ಕಾವಲು ನಿಂತೆ. ಅಂದಿನಿಂದ ಅದೇ ರೂಢಿಯಾಯಿತು. ನೀನು ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದೆ, ಗೋಡೆಯ ಕನ್ನಡಿಯ ಮುಂದೆ ನಿಂತು ಕ್ರಾಪು ತಿದ್ದಿಕೊಳ್ಳುತ್ತಿದ್ದೆ. ಒಮ್ಮೆ ನನ್ನ ಬಳೆ ತೊಟ್ಟುಕೊಂಡು ಬೆಳಕಿಗೆ ಕೈ ಹಿಡಿದೆ. ನಾನು ನಕ್ಕೆ. ನೀನು ನಗಲಿಲ್ಲ.

"ನಾ ಹುಡುಗಿ ಅದೀನಿ," ಅಂದೆ. "ನೀ ಹುಡುಗಿ ಅಂತ ನಿನಗ ಹೆಂಗ ಗೊತ್ತು? ಹಂಗೇ ನನಗೂ ಗೊತ್ತು."

ನಾನು, "ಹಂಗಾರ ಮಾಳವ್ವ ಅನ್ಲೇನು?" ಎಂದೆ. "ಅದು ನಮ್ಮ ಮುದುಕಿ ಆಯಿ ಹೆಸರು, ಬ್ಯಾಡ" ಎಂದು ನೀನು ಮುಖ ಕಿವುಚಿದೆ. ಆಗ ನಾನು ಮಾಲಾ ಎಂದೆ. ನಿನ್ನ ಮುಖದಲ್ಲಿ ಅಂದು ಮೂಡಿದ್ದು — ಅದನ್ನು ನಾನು ಮತ್ತಾರ ಮುಖದಲ್ಲೂ ಕಂಡಿಲ್ಲ. ಅದನ್ನು ಮತ್ತೊಮ್ಮೆ ಕಾಣಬೇಕೆಂಬ ಆಸೆಯೊಂದೇ ಈಗಲೂ —

ಒಂದು ಮಧ್ಯಾಹ್ನ ನೀನು ಒಳಗಿದ್ದಾಗ ಹುಡುಗಿಯೊಬ್ಬಳು ಲೇಡೀಸ್ ರೂಮಿನಲ್ಲಿ ಮರೆತ ಪುಸ್ತಕಕ್ಕೆಂದು ಮರಳಿ ಬಂದಳು. ನಾನು ಗೆಳತಿಯೊಬ್ಬಳೊಡನೆ ಮಾತಾಡುತ್ತ ಬಾಗಿಲು ಬಿಟ್ಟು ನಾಲ್ಕು ಹೆಜ್ಜೆ ಸರಿದಿದ್ದೆ. ಅವಳ ಕಿರುಚಾಟಕ್ಕೆ ಇಡೀ ಕಾಲೇಜು ನೆರೆಯಿತು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ನಮ್ಮಪ್ಪ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಅಕ್ಕಲಕೋಟದ ಗಂಡಿನೊಡನೆ ನನ್ನ ಮದುವೆ ಆಗಷ್ಟೇ ನಿಶ್ಚಯವಾಗಿತ್ತು. ನೀನು ಗೋಡೆಗೆ ಒತ್ತಿ ನಿಂತಿದ್ದೆ. ನಮಗೆ ಮರಾಠಿ ಕಲಿಸುತ್ತಿದ್ದ ಅಧ್ಯಾಪಕಿ ನಿನ್ನ ಪರವಾಗಿ ವಾದಿಸುತ್ತಿದ್ದರು. ಗ್ರಂಥಾಲಯದ ಹಿಂದಿನ ಬಚ್ಚಲು ಸುಮ್ಮನೆ ಬಿದ್ದಿದೆ, ಅದನ್ನು ಈ ಮಗುವಿಗೆ ಬಿಟ್ಟುಕೊಡೋಣ. ಕಳ್ಳತನದಿಂದ ನುಗ್ಗಿದವನಲ್ಲ, ಹುಡುಗಿಯರ ಪ್ರತಿನಿಧಿಯನ್ನೇ ಕೇಳಿ — ಎಂದರು ಅವರು. ಅವರಿಗೆ ನೀನು ಎಲ್ಲ ಹೇಳಿದ್ದೆ. ನನ್ನ ಮೇಲೆ ಭರವಸೆಯಿಟ್ಟು ಹೇಳಿದ್ದೆ.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು: ಇವನನ್ನು ಒಳಗೆ ಬಿಟ್ಟವಳು ನೀನೇನು?

"ನಾಹೀ, ಸರ್."

ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ನೀನು ನನ್ನನ್ನೊಮ್ಮೆ ನೋಡಿದೆ. ನನ್ನ ಮುಷ್ಟಿಯಲ್ಲಿ ಕೀಲಿ ಇತ್ತು, ಅದೂ ನಿನಗೆ ಗೊತ್ತಿತ್ತು. ಆಮೇಲೆ ನೀನೇ ಹೇಳಿದೆ — "ಹೌದ್ರಿ ಸರ್. ಬಾಗಿಲಾ ತಗದಿತ್ತು. ನಾನೇ ಹೋದ್ನಿ." ನನ್ನ ಸುಳ್ಳನ್ನು ನಿನ್ನ ತಲೆಯ ಮೇಲೆ ಹೊತ್ತುಕೊಂಡು ಕಾಲೇಜು ಬಿಟ್ಟು ಹೊರಟುಹೋದೆ. ಗೇಟಿನತನಕವಾದರೂ ನಾನು ಬರಬಹುದಿತ್ತು...

ಮದುವೆಯಾಗಿ ಅಕ್ಕಲಕೋಟಕ್ಕೆ ಬಂದೆ. ಗಂಡನ ಮನೆಯದು ಕಾಳುಕಡಿಯ ಅಂಗಡಿ. ನಾಗಣಸೂರಿನ ಬಸ್ಸು ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಿತ್ತು. ಮಗುವಿಗೆ ಉಣಿಸುತ್ತಿದ್ದರೂ ಕಣ್ಣು ಆ ಕಿಟಕಿಗಳಿಗೇ ಹೋಗುತ್ತಿತ್ತು. ನಿನ್ನನ್ನು ಕಾಣಬೇಕು ಎನಿಸುತ್ತಿತ್ತು. ಕಂಡುಬಿಟ್ಟರೆ ಎಂದು ಒಳಗೂ ಸರಿಯುತ್ತಿದ್ದೆ. ನಗುವಾಗ ನೀನು ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ ರೀತಿ, ಕನ್ನಡದಲ್ಲಿ ನನ್ನ ಹೆಸರನ್ನು ಎಳೆದು ಕರೆಯುತ್ತಿದ್ದ ರೀತಿ — ಅದಕ್ಕಾಗಿ ಎಷ್ಟು ಸಲ ಬಾಗಿಲಿಗೆ ಬಂದು ನಿಂತೆನೋ.

ಕಳೆದ ವಾರ ಕಂಬಳಿ ಮಾರುವ ಮುದುಕಿಯೊಬ್ಬಳು ಬಂದಳು. ಯಾವೂರು ಎಂದೆ. ನಾಗಣಸೂರು ಎಂದಳು. ಸೋಲಾಪುರಕ್ಕೆ ಕಲಿಯಲು ಹೋಗುತ್ತಿದ್ದ ಮಾಳಪ್ಪ ಗೊತ್ತೇ ಎಂದು ಕೇಳಿದೆ.

"ನನ್ನ ಮಗಾನ್ರಿ ಅಕ್ಕಾರ," ಎಂದಳು. ಕಂಬಳಿ ಮಡಚುತ್ತ, "ಈಗ ಮಗಳು ಅನ್ನೂ ರೂಢಿ ಮಾಡ್ಕೊಳ್ಳಾಕತ್ತೀನಿ. ಅವರಪ್ಪ ಇನ್ನಾ ಮಾತಾಡಂಗಿಲ್ಲ. ಪುಣೇದಾಗ ಸ್ಟೇಶನ್ ಹಿಂದಿನ ಖಾನಾವಳ್ಯಾಗ ಜ್ವಾಳದ ಭಾಕ್ರಿ ಬಡೀತಾಳ."

"ಕಾಲೇಜ ಯಾಕ ಬಿಟ್ಲು?" — ನಾಚಿಕೆಯಿಲ್ಲದೆ ಕೇಳಿದೆ.

"ಓದು ತಲಿಗಿ ಹತ್ತಲಿಲ್ಲವ್ವಾ ಅಂದ್ಳು. ಆದ್ರ ಅಲ್ಲಿ ನಿರ್ಮಲಾ ಅಂತ ಒಬ್ಬಾಕಿ ಗೆಳತಿ ಇದ್ಳಂತ್ರಿ. ಮಾಲಾ ಅಂತ ಮೊದಲ ಕರದಾಕಿ ಆಕೀನಂತ. ಆ ಹುಡುಗೀನ್ನ ಒಮ್ಮಿ ಕಣ್ಣಾರೆ ನೋಡಬೇಕಂತ ಭಾಳ ಆಸೆ ನನಗ. ನಿಮಗ ಗುರುತೇನ್ರಿ?"

"ಇಲ್ಲವ್ವಾ," ಎಂದೆ.

ಎರಡನೆಯ ಸಲ, ಮಾಲಾ. ಈ ಸಲ ಅಪ್ಪ ಎದುರಿಗಿರಲಿಲ್ಲ, ಪ್ರಿನ್ಸಿಪಾಲರಿರಲಿಲ್ಲ. ನಾನೊಬ್ಬಳೇ ಇದ್ದೆ.

ಅವಳು ಕಂಬಳಿ ಸುತ್ತಿಕೊಂಡು ಹೋದಳು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಕೂರಲಾಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಓಡಿದೆ. ನಾಗಣಸೂರಿನ ಬಸ್ಸು ಇನ್ನೂ ನಿಂತಿತ್ತು. ಅವಳು ಕೂತಿದ್ದ ಕಿಟಕಿಯ ಕಂಬಿ ಹಿಡಿದುಕೊಂಡೆ. "ಯವ್ವಾ, ನಿರ್ಮಲಾ ನಾನೇ" ಎಂದೆ; ಎಲ್ಲವನ್ನೂ ಹೇಳಿದೆ, ಅಕ್ಕಪಕ್ಕದವರು ಕೇಳುವಂತೆಯೇ.

ನಿನ್ನ ತಾಯಿ ಬೈಯಲಿಲ್ಲ.

"ನನ್ನ ಮಗಳು ಇದನ್ನ ನನಗ ಹೇಳಿಲ್ಲ," ಎಂದಳು. "ನಿನ್ನ ಹೆಸರಿಗಿ ಮಸಿ ಹತ್ತಬಾರದಂತ ಹೇಳಿಲ್ಲ. ನನ್ನ ಮುಂದ ಅತ್ತರ ಏನ್ ಬಂತು? ಹೇಳೂದಿದ್ರ ಆಕಿ ಮುಂದ ಹೇಳು."

ಬಸ್ಸು ಹೊರಟಿತು. ಅವಳು ತಿರುಗಿ ನೋಡಲಿಲ್ಲ.

ಆ ರಾತ್ರಿ ಗಂಡನಿಗೂ ಎಲ್ಲ ಹೇಳಿದೆ. ಅವರು ಬೇಡವೆಂದಿದ್ದರೂ ನಾನು ನಿಲ್ಲುತ್ತಿರಲಿಲ್ಲ. ನಾಳೆ ಪುಣೆಯ ಗಾಡಿ ಹತ್ತುತ್ತೇನೆ. ಹೆದರಿದ್ದೆ, ಚಿಕ್ಕವಳಿದ್ದೆ ಎಂದು ನಿನ್ನ ಮುಂದೆ ಹೇಳುವುದಿಲ್ಲ — ನೀನೂ ಅಷ್ಟೇ ಚಿಕ್ಕವಳಿದ್ದೆ, ನನಗಿಂತ ಹೆಚ್ಚು ಹೆದರಿದ್ದೆ. ಮಾಡಿದ್ದನ್ನಷ್ಟೇ ಹೇಳುತ್ತೇನೆ. ಕೇಳಿ ನೀನು ಹಿಟ್ಟಿನ ಕೈ ಒರೆಸಿಕೊಂಡು ಒಳಗೆ ಹೋಗಿಬಿಡಬಹುದು. ಹೋಗು. ನಾನು ತಡೆಯುವುದಿಲ್ಲ. ಹೋಗುವ ಮುಂಚೆ ಒಮ್ಮೆ, ಖಾನಾವಳಿಯ ತುಂಬ ಜನರಿರುವಾಗ, ನಿನ್ನನ್ನು ಗೆಳತಿ ಎಂದು ಕರೆಯಬೇಕಾಗಿದೆ ನನಗೆ.