ಪಾಂಡವರ ಗುಹೆಯಲ್ಲಿ ಸಿಕ್ಕಿಬಿದ್ದ ಅಳಿಯ

ಹೊಟ್ಟೆ ಸಿಕ್ಕಿಕೊಂಡ ಕೂಡಲೇ ನಾನು ಬೇಡಿಕೊಂಡದ್ದು ಒಂದೇ... ಅತ್ತೆಯ ಕಣ್ಣಿಗೆ ಮಾತ್ರ ಬೀಳಬಾರದು ದೇವರೇ.

ತಲೆ, ಎದೆ ಮತ್ತು ಎರಡು ಕೈ ನೆಲದ ಮೇಲೆ. ಬಾಕಿ ನಾನು ಪೂರ್ತಿ, ಯಾವುದೋ ಕಾಲದ ಸಮಾಧಿಯ ಒಳಗೆ.

ವಿಷಯ ಇಷ್ಟು. ಹೆಂಡತಿ ಪ್ರೆಸಿಲ್ಲಾಗೆ ಈಗ ಏಳು ತಿಂಗಳು. ಹೆರಿಗೆ ಸುಸೂತ್ರ ಆಗಲಿ ಎಂದು ಅವಳ ಅಮ್ಮ ಹರಕೆ ಹೊತ್ತಿದ್ದರು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಒಂದು ಶುಕ್ರವಾರ ಬೆಳ್ತಂಗಡಿ ಕಡೆಯ ಶಿಲುಬೆ ಗುಡ್ಡವನ್ನು ಬರಿಗಾಲಿನಲ್ಲಿ ಹತ್ತುವುದು, ಬುಡದಿಂದ ತುದಿಯವರೆಗೆ ಒಂದೇ ಒಂದು ಮಾತಾಡದೆ.

ಪ್ರೆಸಿಲ್ಲಾ ಮನೆಯಲ್ಲಿ, ಡ್ರೈವರ್ ನಾನು.

ನಾನು ಶಿರ್ತಾಡಿಯ ಶೆಟ್ಟರ ಹುಡುಗ, ಅವರದ್ದು ಬಂಟ್ವಾಳದ ಕ್ರಿಶ್ಚಿಯನ್ ಮನೆ. ಮದುವೆಯಾಗಿ ಮೂರು ವರ್ಷವಾದರೂ ಅತ್ತೆ ನನ್ನ ಹತ್ತಿರ ನೇರ ಮಾತಾಡಿದವರಲ್ಲ. ನಾನು ಎದುರಲ್ಲೇ ಕೂತಿದ್ದರೂ ಮಗಳಿಗೇ ಹೇಳುತ್ತಾರೆ, "ಅವರಿಗೆ ಚಾ ಬೇಕಾ ಕೇಳು."

ಜಗಳವಿಲ್ಲ, ಮುನಿಸಿಲ್ಲ. ಅಳಿಯ ಅನ್ನಲು ಬಾಯಿ ಬರುವುದಿಲ್ಲ, ಅಷ್ಟೆ. ನನಗೋ, ಹೇಗಾದರೂ ಇವರಿಂದ ಒಂದು ಭೇಷ್ ಅನ್ನಿಸಿಕೊಳ್ಳಬೇಕೆಂಬ ಹುಚ್ಚು.

ಹಾಗಾಗಿ ಮಡಂತ್ಯಾರು ದಾಟುವವರೆಗೂ ಕಾರಿನಲ್ಲಿ ಭಾಷಣ ಬಿಗಿದೆ. ಗುಡ್ಡದ ಅರ್ಧದಲ್ಲಿ ಮುರಕಲ್ಲು ಕೊರೆದ ಹೊಂಡವಿದೆಯಲ್ಲ, ಜನ ಪಾಂಡವರ ಗುಹೆ ಅನ್ನುತ್ತಾರೆ, ಅದು ನಿಜವಾಗಿ ಹಿಂದಿನವರ ಸಮಾಧಿ ಎಂದೆಲ್ಲ. ಯೂಟ್ಯೂಬ್ ನೋಡಿ ಪಂಡಿತನಾದವನು ನಾನು.

ಅತ್ತೆ ಕಿಟಕಿಯ ಹೊರಗೇ ನೋಡುತ್ತಿದ್ದರು. ಮೌನವ್ರತ ಕಾರಿನಲ್ಲೇ ಶುರುವಾಯಿತೋ ಎಂದು ನನಗೆ ಅನುಮಾನ.

ಗುಡ್ಡ ಹತ್ತುವಾಗ ಜನರೆಲ್ಲ ಹಾಡುತ್ತಾ ಮುಂದೆ ಹೋದರು. ಮಂಡಿನೋವಿನ ಅತ್ತೆ ಎಲ್ಲರಿಗಿಂತ ಹಿಂದೆ. ಅವರು ಬರುವಷ್ಟರಲ್ಲಿ ಒಂದು ವಿಡಿಯೋ ಮಾಡಿಬಿಡುವ ಎಂದು ನಾನು ಸಮಾಧಿಗೆ ಇಳಿದೆ.

ಮೇಲೆ ಒಂದು ದುಂಡನೆಯ ಬಾಯಿ, ಒಳಗೆ ಗುಮ್ಮಟದ ಹಾಗೆ ಕೊರೆದ ಕೋಣೆ. ಇಳಿಯುವಾಗ ಹೊಟ್ಟೆ ಎಳೆದುಕೊಂಡು ಸರಕ್ಕನೆ ಇಳಿದೆ. "ನಮಸ್ಕಾರ ಸ್ನೇಹಿತರೇ" ಎಂದೆಲ್ಲ ರೆಕಾರ್ಡ್ ಮಾಡಿ, ಅಲ್ಲಿದ್ದ ಒಂದು ಕಲ್ಲಿನ ಮೇಲೆ ನಿಂತು ಮೇಲಕ್ಕೆ ಜಿಗಿದರೆ... ಕಲ್ಲು ಉರುಳಿತು, ಹೊಟ್ಟೆ ಜಾಮ್, ಕಾಲು ಗಾಳಿಯಲ್ಲಿ.

ಬೆಳಿಗ್ಗೆ ತಿಂದ ಗೋಳಿಬಜೆ ಸೇಡು ತೀರಿಸಿಕೊಂಡಿತು ಮಾರಾಯ್ರೆ.

ಬಂದದ್ದು ಅತ್ತೆಯೇ.

ನೆಲದಿಂದ ಎದ್ದ ನನ್ನ ತಲೆಯನ್ನು ನೋಡಿದರು. ಶಿಲುಬೆಯ ಗುರುತು ಹಾಕಿಕೊಂಡರು. ಮತ್ತೆ ನೋಡಿದರು.

ಕೈ ಹಿಡಿದು ಎಳೆದರು, ಆಗಲಿಲ್ಲ. ಚಪ್ಪಾಳೆ ತಟ್ಟಿದರು, ಹಾಡಿನ ಮಧ್ಯೆ ಯಾರಿಗೂ ಕೇಳಲಿಲ್ಲ. ನಾನು ಕೂಗುವ ಎಂದರೆ ಹೊಟ್ಟೆ ಒತ್ತಿ ಉಸಿರೇ ಬರುತ್ತಿಲ್ಲ. ತಲೆ ಸುತ್ತತೊಡಗಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

"ನೀವು... ಹೋಗಿ. ಹರಕೆ ಮುಗಿಸಿ," ಎಂದೆ. ಹೀರೋ ಡೈಲಾಗ್. ಕಣ್ಣಲ್ಲಿ ಮಾತ್ರ ನೀರು.

ಅತ್ತೆ ತುದಿಯ ಶಿಲುಬೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಬಾಯಿ ಬಿಟ್ಟರು.

"ಓಯ್! ಬನ್ನಿ ಮಾರಾಯ್ರೆ ಯಾರಾದ್ರೂ! ನನ್ನ ಅಳಿಯ ಹೊಂಡದಲ್ಲಿ ಸಿಕ್ಕಿಬಿದ್ದಿದ್ದಾನೆ! ನನ್ನ ಅಳಿಯ!"

ಹಾಡು ನಿಂತಿತು. ಮೇಲೆ ಹೋದವರೆಲ್ಲ ಕೆಳಗೆ ಓಡಿ ಬಂದರು. ಬುಡದಲ್ಲಿ ಬೊಂಡ, ಅಂದರೆ ಎಳನೀರು, ಮಾರುವ ಇಬ್ರಾಹಿಂ ಬ್ಯಾರಿ ಕತ್ತಿ ಸಮೇತ ಓಡಿ ಬಂದರು. ಆ ಕತ್ತಿ ನೋಡಿ ಇದ್ದ ಸ್ವಲ್ಪ ಜೀವವೂ ನನ್ನ ಬಾಯಿಗೆ ಬಂತು.

"ಉಸಿರು ಪೂರ್ತಿ ಬಿಡಿ ಮಾರಾಯ್ರೆ, ಹೆದರ್ಬೇಡಿ," ಎಂದು ನಾಲ್ಕು ಜನರನ್ನು ಸೇರಿಸಿ ಎಳೆದೇ ಬಿಟ್ಟರು. ಬಂದೆ. ಅಂಗಿಯ ಬಟನ್‌ಗಳು ಮುಂದಿನ ಕಾಲದ ಸಂಶೋಧಕರಿಗೆಂದು ಒಳಗೇ ಉಳಿದವು.

"ಇಷ್ಟು ವರ್ಷ ಇಲ್ಲಿ ವ್ಯಾಪಾರ ಮಾಡ್ತೇನೆ. ಈ ಸಮಾಧಿಯಿಂದ ಎದ್ದು ಬಂದವರು ನೀವೇ ಮೊದಲು," ಎಂದರು ಇಬ್ರಾಹಿಂ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅತ್ತೆ ನಗಲಿಲ್ಲ. ಅವರ ಹರಕೆ ಮುರಿದಿತ್ತು. ಸುಮ್ಮನೆ ತಿರುಗಿ ಗುಡ್ಡ ಇಳಿಯತೊಡಗಿದರು.

ಮನೆಗೆ ಹೊರಟರು ಎಂದುಕೊಂಡು ನಾನೂ ಹಿಂದಿನಿಂದ ಹೋದೆ. ಬುಡಕ್ಕೆ ಬಂದವರು ದಾರಿಯುದ್ದಕ್ಕೂ ನೆಟ್ಟ ಶಿಲುಬೆಗಳಲ್ಲಿ ಮೊದಲನೆಯದನ್ನು ಮುಟ್ಟಿ, ತುಟಿ ಬಿಗಿದು, ಮತ್ತೆ ಮೇಲಕ್ಕೆ ಹೊರಟರು. ಆ ಬಿಸಿಲಿನಲ್ಲಿ, ಆ ಮಂಡಿಯಲ್ಲಿ.

"ಅತ್ತೇ, ಕಾಲು ನೋಯ್ತದೆ, ಇನ್ನೊಮ್ಮೆ ಬರುವ," ಎಂದೆ. ಬೆರಳು ಎತ್ತಿ ನನ್ನ ಬಾಯಿಯ ಮುಂದೆ ಹಿಡಿದರು.

ಶೂ ಬಿಚ್ಚಿಟ್ಟು ನಾನೂ ಹತ್ತಿದೆ. ಕಲ್ಲು ಸುಡುತ್ತಿತ್ತು, ಅಂಗಿಗೆ ಬಟನ್ ಇಲ್ಲ, ಹೊಟ್ಟೆ ಊರಿಗೆಲ್ಲ ಕಾಣುತ್ತಿತ್ತು. ಅವರು ನಿಂತಲ್ಲಿ ನಿಂತೆ. ಸಮಾಧಿಯ ಹತ್ತಿರ ಬಂದಾಗ ಆ ಕಡೆ ತಲೆ ಕೂಡ ಹಾಕಲಿಲ್ಲ. ನಾನು ಹುಟ್ಟಿದ ಮೇಲೆ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು, ಪ್ರೆಸಿಲ್ಲಾ ಅದನ್ನು ಈಗಲೂ ನಂಬುತ್ತಿಲ್ಲ.

ತುದಿಯಲ್ಲಿ ಮೇಣದಬತ್ತಿ ಹಚ್ಚಿ, ಕಣ್ಣು ಒರೆಸಿಕೊಂಡು, ಅತ್ತೆ ನೇರ ನನ್ನ ಮುಖ ನೋಡಿದರು.

"ಹೋಗಿ ಚಾ ಕುಡಿಯುವ. ನಿನಗೆ ಗೋಳಿಬಜೆ ಮಾತ್ರ ಇಲ್ಲ."

ನನ್ನ ಅತ್ತೆ ನನ್ನನ್ನು ಅಳಿಯ ಅಂದದ್ದು ನಾನು ಸಮಾಧಿ ಸೇರಿದ ಮೇಲೆ... ನಿಮ್ಮ ಅತ್ತೆ ಅಂದದ್ದು ಎಲ್ಲಿ, ಹೇಳಿ ನೋಡುವ?