ಎದೆಯ ಮೇಲಿನ ನೇರಳೆ ಗೆರೆ

ನಮ್ಮದು ಕೊಟ್ಟೂರಿನಲ್ಲಿ ಗಾದಿ ಹೊಲಿಯುವ ಪಿಂಜಾರರ ಮನೆ. ಮನೆಮಾತು ಕನ್ನಡ, ನಮಾಜಿನದು ಮಾತ್ರ ಅರಬ್ಬಿ. ಅವ್ವ ಐದು ಹೊತ್ತಿನ ನಮಾಜನ್ನು ಎಂದೂ ತಪ್ಪಿಸಿದವಳಲ್ಲ. ಎದೆಯಲ್ಲಿರುವುದು ಕ್ಯಾನ್ಸರ್ ಗಂಟು ಎಂದು ಡಾಕ್ಟರು ಹೇಳಿದ ದಿನವೂ ಆಸ್ಪತ್ರೆಯ ವರಾಂಡದಲ್ಲಿ ಚಾದರ ಹಾಸಿ ನಿಂತಳು. ಎಲ್ಲ ಅಲ್ಲಾಹನೇ ನೋಡಿಕೊಳ್ಳುತ್ತಾನೆ ಅನ್ನುತ್ತಿದ್ದಳು. ಪಾಠ ಹೇಳುವ ಶಾಲೆಗೆ ರಜೆ ಹಾಕಿ ಅವಳ ಹಿಂದೆ ಅಲೆಯುತ್ತಿದ್ದ ಮಗಳು ನಾನು. ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ಆಪರೇಷನ್ ಆದ ಮೇಲೆ ಆಸ್ಪತ್ರೆಯ ಊರಲ್ಲೇ ಕೋಣೆ ಹಿಡಿದು ದಿನವೂ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಬೇಕಾಯಿತು. ಯಂತ್ರಕ್ಕೆ ಗುರುತಾಗಲೆಂದು ಎದೆಯ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದು, ಅಳಿಸಬೇಡಿ ಎಂದು ಎರಡೆರಡು ಸಲ ಹೇಳಿದ್ದರು. ಎರಡನೇ ವಾರ ನೋಡಿದರೆ ಗೆರೆಯೇ ಇಲ್ಲ. ಅವ್ವ ಬಚ್ಚಲಲ್ಲಿ ಸೋಪು ಹಚ್ಚಿ, ಚರ್ಮ ಕಿತ್ತುಬರುವಂತೆ ತಿಕ್ಕಿದ್ದಳು. ಮುಟ್ಟು ನಿಂತ ದಿನ ಮೈಯೆಲ್ಲ ತೊಳೆಯದೆ ನಮಾಜಿಗೆ ನಿಲ್ಲುವಂತಿಲ್ಲ. ಶಾಯಿ ಇದ್ದ ಕಡೆ ನೀರು ಚರ್ಮಕ್ಕೆ ತಾಗುವುದಿಲ್ಲ, ಹಾಗಾಗಿ ಆ ಸ್ನಾನ ಸ್ನಾನವೇ ಅಲ್ಲ ಎಂದು ಅವಳು ತಿಳಿದಿದ್ದಳು.

ಗಾಯ ಮಾಯುವವರೆಗೆ ಕರೆಂಟು ನಿಂತಿತು. ಮತ್ತೆ ಗೆರೆ ಹಾಕಿಸಿಕೊಳ್ಳಲು ಅವ್ವ ಒಪ್ಪಲಿಲ್ಲ. ಜೀವಕ್ಕಿಂತ ಸ್ನಾನ ಹೆಚ್ಚೇನು ಎಂದು ನಾನು ಹರಿಹಾಯ್ದೆ.

ಅವಳು ಗೋಡೆ ಕಡೆ ಮುಖ ಮಾಡಿ ಹೇಳಿದಳು: "ನನಗ ಭಾಳ ಹೆದರಿಕಿ ಐತಿ. ನಮಾಜಿಗೆ ನಿಂತಾಗ ಅಷ್ಟ ಹೋಗತೈತಿ. ಅದನ್ನೂ ಕಸಗೊಂಡ್ರ ನಾ ಎಲ್ಲಿ ನಿಂದರ್ಲಿ?"

ಅವ್ವನಿಗೆ ಹೆದರಿಕೆ ಇದೆ ಎಂಬುದೇ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಹರಪನಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಕುರಾನ್ ಕಲಿಸುವ ಸೋದರತ್ತೆಗೆ ಫೋನು ಮಾಡಿದೆ. ನೀರಿನಿಂದ ರೋಗಿಗೆ ಕೆಡುಕಾಗುವಂತಿದ್ದರೆ ಸ್ನಾನದ ಬದಲು ಶುದ್ಧ ಮಣ್ಣಿಗೆ ಅಂಗೈ ತಟ್ಟಿ ಮುಖ, ಕೈ ಸವರಿಕೊಂಡರೆ ಸಾಕು, ಅದಕ್ಕೆ ತಯಮ್ಮುಮ್ ಅನ್ನುತ್ತಾರೆ ಎಂದರು. ಊರಿಗೆ ಹೋಗಿ ಹಿತ್ತಲ ಕೆಂಪು ಮಣ್ಣನ್ನು ಜರಡಿ ಹಿಡಿದು ಡಬ್ಬಿಯಲ್ಲಿ ತಂದೆ. ಅವ್ವ ಮುಚ್ಚಳ ತೆಗೆದು ಮೂಸಿದಳು. ಮರುದಿನ ತಾನೇ ಮುಂದಾಗಿ ಗೆರೆ ಹಾಕಿಸಿಕೊಂಡಳು.

ಅದಾಗಿ ಮೂರು ವರ್ಷ ಬದುಕಿದಳು. ರೋಗ ಎಲುಬಿಗೆ ಇಳಿದ ಮೇಲೆ ಮಲಗಿದಲ್ಲೇ ತಲೆ ಅಲುಗಿಸಿ ನಮಾಜು ಮಾಡುತ್ತಿದ್ದಳು. ಮಣ್ಣಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಾನು ಕೂರುತ್ತಿದ್ದೆ.

ಅವ್ವ ತೀರಿಕೊಂಡ ದಿನ ಕೊನೆಯ ಸ್ನಾನ ಮಾಡಿಸಲು ಅತ್ತೆ ಬಂದರು. ಎದೆಯ ಮೇಲೆ ಕರೆಂಟು ಸುಟ್ಟ ಕಪ್ಪು ಕಲೆ ಉಳಿದಿತ್ತು. ಅವರು ಸೋಪು ಹಚ್ಚಿ ಅಲ್ಲಿ ತಿಕ್ಕಹೋದಾಗ ನಾನು ಕೈ ಹಿಡಿದುಬಿಟ್ಟೆ.

"ಮೆಲ್ಲಕ್ರಿ ಅತ್ತಿ. ಅಲ್ಲಿ ಉರೀತೈತಿ ಅಕಿಗೆ."

ಅತ್ತೆ ಸೋಪು ಕೆಳಗಿಟ್ಟರು. ಆ ಕಲೆಯ ಮೇಲೆ ಬರೀ ನೀರು ಬಿಟ್ಟರು.