ಕೆರೆಯಲ್ಲೇ ಉಳಿದ ಬಾಗಿಲು

ಬಿ.ಸಿ.ರೋಡಿನ ನಮ್ಮ ಫ್ಲ್ಯಾಟಿನಲ್ಲಿ ಇವತ್ತು ಅಡುಗೆಮನೆಯ ಸಿಂಕ್ ಮತ್ತೆ ಕಟ್ಟಿಕೊಂಡಿತು. ಪೈಪ್ ಬಿಚ್ಚಿದಾಗ ಬಂದ ಕೊಳೆತ ಕೆಸರಿನ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಮಡಂತ್ಯಾರಿನ ನಮ್ಮ ಹಳೆ ಮನೆಯ ಕೆರೆ ನೆನಪಾಯಿತು.

ಆ ಕೆರೆಯಲ್ಲಿ ಅಪ್ಪ ಒಂದು ಹೆಬ್ಬಲಸಿನ ದಿಮ್ಮಿ ಮುಳುಗಿಸಿ, ಮೇಲೆ ಕಲ್ಲು ಹೇರಿದ್ದರು. ಮುಂದೆ ಕಟ್ಟಲಿದ್ದ ಹೊಸ ಮನೆಯ ಬಾಗಿಲಿಗೆ ಅದು. ನೀರಿನಲ್ಲಿ ನೆನೆದು ರಸ ಬಿಟ್ಟ ಮರಕ್ಕೆ ಕುಟ್ಟೆಹುಳ ಹಿಡಿಯುವುದಿಲ್ಲ, ಅದು ಬಾಗುವುದಿಲ್ಲ, ಬಿರಿಯುವುದಿಲ್ಲ ಎನ್ನುತ್ತಿದ್ದರು. ಲೋಳೆಗಟ್ಟಿದ ಆ ದಿಮ್ಮಿಯ ಮೇಲೆ ಕಾಲೂರಿಯೇ ನಾವು ಮಕ್ಕಳು ಈಜು ಕಲಿತದ್ದು.

ಸೋರುವ ಹಳೆ ಮನೆಯಲ್ಲಿ ಪಾತ್ರೆ ಇಟ್ಟು ಇಟ್ಟು ಸಾಕಾಗಿದ್ದ ಅಮ್ಮ ಪ್ರತಿ ವರ್ಷ ಹೇಳುತ್ತಿದ್ದರು, "ಈ ಸಲ ಆದ್ರೂ ಆ ಮರ ಮೇಲೆ ತೆಗೆಸುವ."

ಅಪ್ಪ ನೀರಿಗಿಳಿದು, ದಿಮ್ಮಿಯನ್ನು ಉಗುರಿನಿಂದ ಕೆರೆದು, ಬೆರಳು ಮೂಸಿ ನೋಡುತ್ತಿದ್ದರು. "ಇನ್ನೂ ರಸ ಉಂಟು ಮಾರಾಯ್ತಿ. ಇದೊಂದು ಮಳೆಗಾಲ ಕಳೆಯಲಿ."

ಮಳೆಗಾಲಗಳು ಕಳೆದವು. ಕಡೆಗೆ ಜಾಗ ಪಾಲಾದಾಗ ಕೆರೆ ದೊಡ್ಡಪ್ಪನ ಪಾಲಿಗೆ ಹೋಯಿತು, ದಿಮ್ಮಿ ಅದರೊಳಗೇ ಉಳಿಯಿತು, ಹೊಸ ಮನೆ ಏಳಲೇ ಇಲ್ಲ. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಈಗ ಅಪ್ಪ, ಅಮ್ಮ ಇಬ್ಬರೂ ನನ್ನ ಜೊತೆಗೇ ಇದ್ದಾರೆ. ಈ ಫ್ಲ್ಯಾಟಿನ ರೆಡಿಮೇಡ್ ಬಾಗಿಲು ಮಳೆ ಬಂದರೆ ಉಬ್ಬಿ ಬಿಗಿದು ಕೂರುತ್ತದೆ. ಇವತ್ತು ಸಂಜೆ ಅಪ್ಪ ಅದನ್ನು ಹೆಗಲು ಕೊಟ್ಟು ದೂಡಿ ಒಳಗೆ ಬಂದವರು, ಏದುಸಿರು ಬಿಡುತ್ತಾ ಹೇಳಿದರು, "ಈ ಮರವನ್ನು ಸರಿಯಾಗಿ ನೆನೆಹಾಕಲಿಲ್ಲ."

ಅಮ್ಮ ಕುರ್ಚಿಯಿಂದ ಏಳಲಿಲ್ಲ.

"ಹಾಕಿದ್ರೆ ನಾವು ಇನ್ನೂ ಹೊರಗೇ ಇರ್ತಿದ್ದೆವು."